ಭಂಡಾರ ಹಚ್ಚಿದ ಕ್ಯಾಲ್ಕ್ಯುಲೇಟರ್

ಒಂದು ಸುಳ್ಳು ಎಷ್ಟು ಸಣ್ಣದಿದ್ದರೆ ಅದನ್ನು ಸುಳ್ಳು ಎಂದು ಕರೆಯಬೇಕಾಗಿಲ್ಲ? ಈ ಪ್ರಶ್ನೆಯನ್ನು ದಿನಚರಿಯಲ್ಲಿ ಮೂರು ದಿನ ಮೂರು ಬಣ್ಣದ ಪೆನ್ನಿನಿಂದ ಬರೆದೆ. ಉತ್ತರ ಯಾವ ಬಣ್ಣದಲ್ಲೂ ಬರಲಿಲ್ಲ.

ಆದದ್ದು ಇಷ್ಟೇ. ನನ್ನ ಬಯೋಡಾಟಾ ಬರೆಯಬೇಕಿತ್ತು. ನೌಕರಿಗಲ್ಲ, ವರನ ಕಡೆಯವರಿಗೆ ಕಳಿಸಲು. ಹೆಸರು ವಿದ್ಯಾ, ಊರು ಮಸಗುಪ್ಪಿ, ಓದು ಬಿ.ಎಸ್ಸಿ. ಗಣಿತ, ಎತ್ತರ ಐದಡಿ ಎರಡಿಂಚು, ಬಣ್ಣ ಗೋಧಿ. ಇಲ್ಲಿಗೆ ನನ್ನ ಬಗ್ಗೆ ಹೇಳುವುದೆಲ್ಲ ಮುಗಿದುಹೋಯಿತು. ಹಾಳೆಯಲ್ಲಿ ಮಾತ್ರ ಇನ್ನೂ ಅರ್ಧ ಜಾಗ ಉಳಿದಿತ್ತು.

"ಏನರ ಬರಿಯವ್ವಾ, ಖಾಲಿ ಬಿಡಬ್ಯಾಡ," ಎಂದಳು ಅವ್ವ. "ಅಡಿಗಿ, ರಂಗೋಲಿ ಅಂತ ಎಲ್ಲಾರೂ ಬರದಿರತಾರ. ನೀ ಕಲತಾಕಿ, ಕಲತಂಗ ಕಾಣೂವಂಥಾದ್ದು ಬರಿ."

ನಾನು ಬರೆದೆ: "ವಿಶೇಷ ಪರಿಣತಿ: ಗ್ರಾಫಿಂಗ್ ಕ್ಯಾಲ್ಕ್ಯುಲೇಟರ್ ಮತ್ತು ಅದರ ಪ್ರೋಗ್ರಾಮಿಂಗ್."

ಸಾದಾ ಕ್ಯಾಲ್ಕ್ಯುಲೇಟರ್ ಕೂಡಿಸಿ ಕಳೆದು ಸುಮ್ಮನಾಗುತ್ತದೆ. ಗ್ರಾಫಿಂಗ್ ಕ್ಯಾಲ್ಕ್ಯುಲೇಟರ್ ಎಂಬುದು ಸಮೀಕರಣ ಕೊಟ್ಟರೆ ಅದರ ರೇಖೆಯನ್ನೇ ಪರದೆಯ ಮೇಲೆ ಎಳೆದು ತೋರಿಸುತ್ತದೆ. ಅದರೊಳಗೆ ಪ್ರೋಗ್ರಾಮ್ ಬರೆದಿಟ್ಟರೆ ಪರೀಕ್ಷೆಯ ಲೆಕ್ಕವನ್ನು ತಾನೇ ಬಿಡಿಸುತ್ತದಂತೆ. "ಅಂತೆ" ಎನ್ನುವುದಕ್ಕೆ ಕಾರಣವಿದೆ. ಕೊನೆಯ ವರ್ಷ ನಮ್ಮ ಸರ್ ಒಮ್ಮೆ ಅದನ್ನು ಕ್ಲಾಸಿಗೆ ತಂದು ಎತ್ತಿ ಹಿಡಿದಿದ್ದರು. ಮುಂದಿನ ಬೆಂಚಿನವರು ಎದ್ದು ಸುತ್ತುಗಟ್ಟಿದರು. ಕೊನೆಯ ಬೆಂಚಿನಲ್ಲಿ ಕುಳಿತ ನನಗೆ ಕಂಡದ್ದು ಸರ್ ಅವರ ಮೊಣಕೈ ಮಾತ್ರ. ಅಷ್ಟು ಪರಿಚಯದ ಮೇಲೆ ನಾನು "ಪರಿಣತಿ" ಎಂದು ಬರೆದೆ. ಯಾರು ಓದುತ್ತಾರೆ ಎಂಬ ಧೈರ್ಯ.

ಓದಿದವನು ಸಿದ್ರಾಯ ಕಾಕಾ. ಅಪ್ಪನ ತಮ್ಮ. ಮೂವತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಬಸ್ಸು ಅವನನ್ನು ಬಿಟ್ಟಿದೆ, ಅವನು ಬಸ್ಸನ್ನು ಬಿಟ್ಟಿಲ್ಲ. ಇವತ್ತಿಗೂ ಊಟಕ್ಕೆ ಕುಳಿತವರಿಗೆ "ಮುಂದ ಸರೀರಿ, ಮುಂದ ಸರೀರಿ" ಎನ್ನುತ್ತಾನೆ. ಬಯೋಡಾಟಾವನ್ನು ಝೆರಾಕ್ಸ್ ಮಾಡಿಸಲು ಮೂಡಲಗಿಗೆ ಒಯ್ದವನು ಅಲ್ಲಿಯೇ ನಿಂತು, ಅಂಗಡಿಗೆಲ್ಲ ಕೇಳುವಂತೆ, ನಿಲ್ದಾಣಗಳ ಹೆಸರು ಕೂಗುವ ದನಿಯಲ್ಲಿ ನನ್ನ ಪರಿಣತಿಯನ್ನು ಓದಿದನಂತೆ. ಸಂಜೆ ಮನೆಗೆ ಬಂದವನು ನನ್ನ ಕಡೆ ನೋಡಿದ ರೀತಿಯೇ ಬೇರೆ ಇತ್ತು.

"ವೈನಿ," ಎಂದ ಅವ್ವನಿಗೆ, "ಮನ್ಯಾಗ ಇಂಥಾ ಕೂಸು ಇಟಗೊಂಡು ನಾವು ಸುಮ್ಮನ ಕುಂತೇವಲ್ಲ!"

ಅವನು ಸುಮ್ಮನೆ ಕುಳಿತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮುಂದಿನ ವಾರ ಅರಭಾವಿಯ ಹತ್ತಿರ ಒಂದು ಕಡೆ ಹಳೇ ಸಾಮಾನಿನ ಲಿಲಾವು, ಅಂದರೆ ಹರಾಜು, ಇತ್ತು. ಕಾಕಾ ಔಷಧ ಹೊಡೆಯುವ ಪಂಪಿಗೆಂದು ಹೋದವನು ಪಂಪು ಬಿಟ್ಟು ಒಂದು ಚೀಲ ತಂದ. ಚೀಲದಲ್ಲಿ ಮೂರು ಒಡೆದ ಥರ್ಮಾಮೀಟರ್, ಒಂದು ಹಿಡಿ ಇಲ್ಲದ ಛತ್ರಿ, ಮತ್ತು ಕಪ್ಪಗೆ, ಇಟ್ಟಿಗೆಯಷ್ಟು ದಪ್ಪಗೆ, ಮೈತುಂಬ ಗುಂಡಿಗಳಿದ್ದ ಒಂದು ಯಂತ್ರ.

"ನೋಡವ್ವಾ ವಿದ್ಯಾ. ಲಿಲಾವಿನವ ಗ್ರಾಫಿಂಗ್ ಅಂದಾ, ನಾ ಕೈ ಎತ್ತಿದೆ. ಬಾಜೂಕಿನವ್ರಿಗೆ ಏನಂತನ ತಿಳೀಲಿಲ್ಲ. ನನಗ ತಿಳೀತು. ನಮ್ಮ ಟಿಕೇಟ್ ಮಿಷನ್ನಿನ ಅಣ್ಣ ಇದು." ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿದ. "ಖರೆ, ಪೇಪರಿನ ರೋಲ್ ಎಲ್ಲಿ ಹಾಕತಾರು?"

"ಇದರಾಗ ಪೇಪರ್ ಬರೂದಿಲ್ಲ ಕಾಕಾ."

ನಾನು ಹೇಳಿದ್ದು ಅಷ್ಟೇ. ಅದೂ ಊಹೆ. ಆದರೆ ಕಾಕಾ ಅವ್ವನ ಕಡೆ ತಿರುಗಿ ಹೆಮ್ಮೆಯಿಂದ ಹುಬ್ಬು ಹಾರಿಸಿದ. ಮುಟ್ಟದೆಯೇ ಹೇಳಿದಳು ನೋಡು!

ಅದಕ್ಕೆ ನಾಲ್ಕು ಸಣ್ಣ ಸೆಲ್ಲುಗಳು ಬೇಕಿದ್ದವು. ಎರಡನ್ನು ನಮ್ಮ ಟಿ.ವಿ. ರಿಮೋಟಿನಿಂದ ತೆಗೆದೆವು. ಇನ್ನೆರಡನ್ನು ಕಾಕಾ ಪಕ್ಕದ ಮನೆಯ ಮುತ್ತಪ್ಪನವರ ರಿಮೋಟಿನಿಂದ, ಅವರು ಬಯಲಿಗೆ ಹೋದಾಗ, ಅವರ ಪರವಾಗಿ ತಾನೇ ಒಪ್ಪಿಗೆ ಕೊಟ್ಟುಕೊಂಡು ತಂದ. ಹೀಗಾಗಿ ನಮ್ಮ ಮನೆಯ ಟಿ.ವಿ. ಒಂದು ಧಾರಾವಾಹಿಯ ಮೇಲೆ, ಅವರದು ಒಂದು ಹೋಮದ ಮೇಲೆ ನಿಂತುಬಿಟ್ಟಿತು. ಮುತ್ತಪ್ಪ ಜಗಳಕ್ಕೆಂದು ಬಂದರು. ಬಂದ ಹೊತ್ತಿಗೆ ಪರದೆಯ ಮೇಲೆ ರೇಖೆ ಮೂಡುತ್ತಿತ್ತು.

ಅದನ್ನು ಹೇಗೆ ಮೂಡಿಸಿದೆನೋ ನನಗೇ ಗೊತ್ತಿಲ್ಲ. ಬೆಳಿಗ್ಗೆಯಿಂದ ಒಂದೊಂದೇ ಗುಂಡಿ ಒತ್ತುತ್ತಾ, ಒಂದು ಕಡೆ ಎಕ್ಸ್ ವರ್ಗ ಎಂದು ಬರೆದು, ಇನ್ನೊಂದು ಕಡೆ ಒತ್ತಿದ್ದೆ. ಎಡಗಡೆಯ ಮೂಲೆಯಿಂದ ಒಂದು ಚುಕ್ಕೆ ಹೊರಟಿತು. ಚುಕ್ಕೆಯ ಹಿಂದೆ ಚುಕ್ಕೆ, ಇರುವೆ ಸಾಲಿನಂತೆ ಇಳಿದು, ನಡುವೆ ನೆಲ ಮುಟ್ಟಿ, ಏನೂ ಆಗಿಲ್ಲವೆಂಬಂತೆ ಬಲಗಡೆ ಏರಿ ಹೋಯಿತು. ಮೂರು ವರ್ಷ ಕಾಲೇಜಿನಲ್ಲಿ ಆ ರೇಖೆಯನ್ನು ಸ್ಕೇಲು ಹಿಡಿದು ವಕ್ರವಕ್ರವಾಗಿ ಎಳೆದಿದ್ದೆ. ಅದು ತಾನಾಗಿ ನಡೆದು ಬರುವುದನ್ನು ಮೊದಲ ಸಲ ಕಂಡೆ.

ಮುತ್ತಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು.

"ನನ್ನ ಸೆಲ್ಲು ಇಷ್ಟ ಕೆಲಸಾ ಮಾಡತಾವೇನ್ರೀ?"

"ಎರಡು ನಿಮ್ಮವು, ಎರಡು ನಮ್ಮವು," ಎಂದ ಕಾಕಾ.

"ಹಂಗಾರ ಅರ್ಧಾ ಗೆರಿ ನಂದು. ಕೇಳ್ರಿ ಅದನ್ನ, ಮಳಿ ಯಾವಾಗ ಅಂತ?"

ಯಂತ್ರ ಮಳೆ ಹೇಳುವುದಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ನನ್ನ ಬಾಯಿ ತೆರೆಯುವುದಕ್ಕೂ ಮಾತು ಹೊರಬರುವುದಕ್ಕೂ ನಡುವೆ ಯಾವಾಗಲೂ ಸ್ವಲ್ಪ ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ಕಾಕಾ ತಾನೇ ಪರದೆ ಓದಿಬಿಟ್ಟ: "ಕಾಣವಲ್ದೇನ್ರಿ? ಮೊದಲ ಇಳೀತೈತಿ, ಆಮ್ಯಾಲ ಏರತೈತಿ. ಅಂದ್ರ ಈಗ ಇಲ್ಲ, ಆಮ್ಯಾಲ ಜೋರು."

ನಾಲ್ಕನೆಯ ದಿನ ಜೋರು ಮಳೆ ಬಂತು. ಜಗತ್ತಿನಲ್ಲಿ ಎಲ್ಲ ಮಳೆಯೂ ಮೊದಲು ಇರುವುದಿಲ್ಲ, ಆಮೇಲೆ ಬರುತ್ತದೆ. ಅದನ್ನು ಯಾರೂ ವಿಚಾರಿಸಲಿಲ್ಲ. ಬಾವಿಯ ಕಡೆ ಹೋದರೆ ಹೆಂಗಸರು ಕೊಡ ಸರಿಸಿ ನನಗೆ ಮೊದಲು ನೀರು ಬಿಟ್ಟುಕೊಟ್ಟರು.

ಹೀಗಿರುವಾಗ ಶಿವಗಂಗವ್ವ ಆಯಿ ಬಂದಳು. ಊರ ಹೊರಗಿನ ಕುರುಬರ ಮನೆಯವಳು, ಮಗ ಹೊಳೆಪ್ಪ ವರ್ಷದ ಬಹುಪಾಲು ಕುರಿಗಳ ಹಿಂದೆ ಊರೂರು ನಡೆಯುವವನು. ಆಯಿಯ ಹಿಂದೆ ಮೊಮ್ಮಗಳು ಆಮ್ರಪಾಲಿ. ಹನ್ನೆರಡನೆಯ ಕ್ಲಾಸು, ಎರಡು ಜಡೆ, ನೆಲ ನೋಡುವ ಕಣ್ಣು. ನನ್ನಂತೆಯೇ ಕೊನೆಯ ಬೆಂಚಿನವಳಿರಬೇಕು ಎಂದುಕೊಂಡೆ.

"ಈಕಿದೊಂದು ಪರೀಕ್ಷಾ ಐತ್ಯವ್ವಾ," ಎಂದು ಆಯಿ ಸೆರಗಿನ ಗಂಟಿನಿಂದ ಒಂದು ಹಾಳೆ ತೆಗೆದಳು. "ಮೂಡಲಗಿ ಕಾಲೇಜಿನ ಸರ್ರು ಅರ್ಜಿ ತುಂಬ್ಯಾರ. ಪಾಸಾದ್ರ ಐದು ವರ್ಷ ಅವರ ಇಟಗೊಂಡು ಕಲಸತಾರಂತ, ಊಟಾ ವಸತಿ ಎಲ್ಲಾ ಅವರದ. ಆಗಲಿಲ್ಲಂದ್ರ ಇವರಪ್ಪ ಅಂದಾನ, ಇನ್ನ ಸಾಕು, ಕುರಿ ಹಿಂದ ನಡಿ ಅಂತ."

ಒಂದು ಪ್ರತಿಷ್ಠಾನದ ಗಣಿತ ಪರೀಕ್ಷೆ ಅದು. ಇಡೀ ರಾಜ್ಯಕ್ಕೆ ಒಂದೇ ಪ್ರಶ್ನೆಪತ್ರಿಕೆ, ಒಂದೇ ಗಳಿಗೆ. ಒಬ್ಬರಿಗೆ ಒಂದೇ ಸಲ ಅವಕಾಶ. ನಮ್ಮ ಕಡೆಯವರಿಗೆ ಕೇಂದ್ರ ಹುಕ್ಕೇರಿ. ಸೂಚನೆಗಳಲ್ಲಿ ಏಳನೆಯದು: "ಗ್ರಾಫಿಂಗ್ ಕ್ಯಾಲ್ಕ್ಯುಲೇಟರ್ ಬಳಸಲು ಅನುಮತಿ ಇದೆ."

ಏಳನೆಯ ಸೂಚನೆ ಓದಿದ ಕಾಕಾ ಎದ್ದು ನಿಂತ. ಒಂದು ಕೈಯಲ್ಲಿ ಹಾಳೆ, ಒಂದು ಕೈಯಲ್ಲಿ ಯಂತ್ರ, ಕಣ್ಣು ನನ್ನ ಮೇಲೆ. ದೇವರು ಮೂರು ಬಸ್ಸುಗಳನ್ನು ಒಂದೇ ನಿಲ್ದಾಣಕ್ಕೆ ಒಂದೇ ಹೊತ್ತಿಗೆ ತಂದು ನಿಲ್ಲಿಸಿದ್ದನ್ನು ಅವನು ಈ ಹಿಂದೆ ಎಂದೂ ಕಂಡಿರಲಿಲ್ಲ.

"ಆಯಿ, ನಿನ್ನ ಮೊಮ್ಮಗಳು ಪಾಸಾದ್ಲು ಅಂತ ತಿಳಕೋ. ನಮ್ಮ ವಿದ್ಯಾ ಇದರಾಗ ಪ್ರೋಗ್ರಾಮ್ ತುಂಬತಾಳ. ಹುಡುಗಿ ಪ್ರಶ್ನೆ ಹಾಕೂದು, ಮಿಷನ್ ಉತ್ತರ ಹರಕೊಡೂದು."

ಮರೆಯಬಾರದೆಂದು ಆ ಹಾಳೆಯನ್ನು ಅವನು ಆಗಲೇ ಗಂಜಿ ಹಚ್ಚಿ ನಮ್ಮ ಪಡಸಾಲೆಯ ಗೋಡೆಗೆ ಅಂಟಿಸಿದ. ಚೆನ್ನಾಗಿ ಅಂಟಿತು. ಹಾಳೆಗೆ ಹಿಂಬದಿಯೂ ಇರುತ್ತದೆ ಎಂಬುದು ಟಿಕೀಟು ಹರಿದೇ ಬದುಕಿದವನಿಗೆ ಹೊಳೆಯಲಿಲ್ಲ. ಬಿ.ಎಸ್ಸಿ. ಓದಿದವಳಿಗೂ ಹೊಳೆಯಲಿಲ್ಲ.

ಪರೀಕ್ಷೆಗೆ ಮೂರು ವಾರ ಇತ್ತು. ದಿನಾ ಸಂಜೆ ಆಮ್ರಪಾಲಿ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದಳು. ಮೊದಲ ದಿನ ನಾನು ಹಳೇ ಪುಸ್ತಕದಿಂದ ಒಂದು ಲೆಕ್ಕ ತೆಗೆದೆ. ಎಕ್ಸ್ ವರ್ಗ, ಕಳೆ ನಾಲ್ಕು ಎಕ್ಸ್, ಕೂಡು ಐದು. ಈ ರೇಖೆ ನೆಲದ ಗೆರೆಯನ್ನು, ಅಂದರೆ ಎಕ್ಸ್ ಅಕ್ಷವನ್ನು, ಎಷ್ಟು ಕಡೆ ಮುಟ್ಟುತ್ತದೆ? ಯಂತ್ರದಲ್ಲಿ ಒಂದೊಂದೇ ಅಂಕಿ ಹುಡುಕಿ ಒತ್ತತೊಡಗಿದೆ.

"ಮುಟ್ಟೂದಿಲ್ರೀ ಅಕ್ಕಾರ," ಎಂದಳು ಅವಳು. "ಒಂದು ಮ್ಯಾಲ ನಿಲ್ಲತೈತಿ."

"ತಡಿಯವ್ವಾ, ಇನ್ನೂ ಮಿಷನ್ನಿಗೆ ಹಾಕಿಲ್ಲ."

ಹಾಕಿದೆ. ಚುಕ್ಕೆಗಳು ಎಡಗಡೆಯಿಂದ ಇಳಿದು ಬಂದವು. ನೆಲದ ಗೆರೆಗೆ ಒಂದು ಮನೆ ಮೇಲೆ, ಅಲ್ಲಿಯೇ, ಯಾರೋ ಕೈ ಹಿಡಿದು ತಡೆದಂತೆ ನಿಂತು, ತಿರುಗಿ ಏರಿದವು.

ನಾನು ಪರದೆ ನೋಡಿದೆ, ಹುಡುಗಿಯನ್ನು ನೋಡಿದೆ.

"ನಿನಗ ಹೆಂಗ ಗೊತ್ತಾತು?"

"ಐದರ ಬದಲಿ ನಾಕು ಇದ್ದಿದ್ರ ನೆಲಾ ಮುಟ್ಟತಿತ್ತಲ್ರೀ. ಐದು ಐತಿ. ಒಂದು ಹೆಚ್ಚಾತು. ಅಷ್ಟ ಎತ್ತಿ ಹಿಡದಂಗ ಆತು." ಬೆರಳಿನಿಂದ ಮಣ್ಣಿನಲ್ಲಿ ಅದೇ ರೇಖೆ ಎಳೆದಳು. ಪರದೆಯದಕ್ಕಿಂತ ಚೆನ್ನಾಗಿತ್ತು. "ಇದು ಗೋಕಾಕ ಫಾಲ್ಸಿನ ತೂಗುಸೇತುವಿ ಇದ್ದಂಗ. ಮುಂದ ಮೈನಸ್ ಇದ್ರ ಉಲ್ಟಾ. ಕವಣಿ ಕಲ್ಲು ಹೋಗಿ ಬೀಳತೈತಲ್ರೀ, ಹಂಗ."

ಕವಣೆ ಬೀಸುವವರ ಮನೆಯ ಹುಡುಗಿ. ಕಲ್ಲು ಎಲ್ಲಿ ಬೀಳುತ್ತದೆ ಎಂಬುದು ಕಲ್ಲಿಗಿಂತ ಮೊದಲು ಅವಳಿಗೆ ಗೊತ್ತಿತ್ತು. ದಿನಚರಿಯಲ್ಲಿ ಆ ದಿನದ ಪುಟದಲ್ಲಿ ಬರೇ ಒಂದು ತೂಗುಸೇತುವೆ ಇದೆ.

ಮರುದಿನದಿಂದ ನಾನು ಪುಸ್ತಕ ತೆರೆದು ಲೆಕ್ಕ ಓದುವುದು, ಅವಳು ಕಣ್ಣು ಮುಚ್ಚಿ ಸ್ವಲ್ಪ ತಲೆ ಓರೆ ಮಾಡಿ ಹೇಳುವುದು, ನಾನು "ಅದ್ಹೆಂಗ?" ಎನ್ನುವುದು, ಅವಳು ಮಣ್ಣಿನಲ್ಲಿ ಬರೆದು ತಿಳಿಸುವುದು. ಡಿಗ್ರಿಯಲ್ಲಿ ಬಾಯಿಪಾಠ ಮಾಡಿ ದಾಟಿ ಬಂದಿದ್ದ ಎಷ್ಟೋ ಸಂಗತಿಗಳು ಆ ಕಟ್ಟೆಯ ಮುಂದಿನ ಮಣ್ಣಿನಲ್ಲಿ ನನಗೆ ಮೊದಲ ಸಲ ತಿಳಿದವು. ಯಂತ್ರವನ್ನು ನಡುನಡುವೆ ಅವಳ ಕೈಗೆ ಕೊಡುತ್ತಿದ್ದೆ. ಅವಳು ಗೌರವದಿಂದ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು.

"ಇದು ಛಲೋ ಐತ್ರೀ ಅಕ್ಕಾರ," ಎಂದಳು ಒಮ್ಮೆ, ಅದಕ್ಕೆ ಬೇಜಾರಾಗಬಾರದೆಂದು ಮೆಲ್ಲಗೆ, "ಸ್ವಲ್ಪ ತಡಾ ಮಾಡತೈತಿ ಅಷ್ಟ."

ಈ ನಡುವೆ ದಿನಾ ಬೆಳಿಗ್ಗೆ ಕಾಕಾನ ಪ್ರಶ್ನೆ: "ಎಷ್ಟು ಪ್ರೋಗ್ರಾಮ್ ಆದೂ?"

ಪ್ರೋಗ್ರಾಮ್ ಎಂಬ ಗುಂಡಿ ಅದರಲ್ಲಿ ನಿಜವಾಗಿಯೂ ಇತ್ತು. ಒತ್ತಿದರೆ ಹೊಸದಕ್ಕೆ ಹೆಸರು ಕೇಳುತ್ತಿತ್ತು. ಹೆಸರು ಕೊಟ್ಟರೆ ಖಾಲಿ ಪರದೆಯ ಮೇಲೆ ಎರಡು ಚುಕ್ಕೆ ಇಟ್ಟು, "ಮುಂದೆ ಹೇಳು" ಎನ್ನುವಂತೆ ಕಾಯುತ್ತಿತ್ತು. ಮುಂದೆ ಏನು ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ಸ್ವಲ್ಪ ಹೊತ್ತು ನೋಡಿ, ನಾನೇ ಸೋತು ಆಫ್ ಮಾಡುತ್ತಿದ್ದೆ. ಹೆಸರು ಮಾತ್ರ ಉಳಿಯುತ್ತಿತ್ತು. ಹೀಗೆ ಎರಡು ವಾರಗಳಲ್ಲಿ ಹನ್ನೊಂದು ಹೆಸರುಗಳಾದವು. ಕೊನೆಕೊನೆಗೆ ಹೆಸರಿಗೂ ಬರ ಬಂದು ಒಂದಕ್ಕೆ ನಮ್ಮ ಎಮ್ಮೆಯ ಹೆಸರಿಟ್ಟೆ.

"ಹನ್ನೊಂದು, ಕಾಕಾ."

"ಹನ್ನೊಂದು!" ಕಾಕಾ ಗೋಡೆಯ ಹಾಳೆಯ ಪಕ್ಕದಲ್ಲಿ ಇದ್ದಿಲಿನಿಂದ ಬರೆದ. ಸಂಜೆಯೊಳಗೆ ಊರಿಗೆ ಗೊತ್ತಾಯಿತು. ಪರೀಕ್ಷೆಯ ಹಿಂದಿನ ದಿನದ ಹೊತ್ತಿಗೆ ಮುತ್ತಪ್ಪನವರ ಬಾಯಲ್ಲಿ, ಹನ್ನೊಂದರಲ್ಲಿ ಐದೂವರೆ ಅವರ ಸೆಲ್ಲಿನವು ಆಗಿದ್ದವು.

ಪರೀಕ್ಷೆಯ ದಿನ ಬೆಳಿಗ್ಗೆ ನಾವು ಬಸ್ಸು ಹತ್ತಿದಾಗ ಮಸಗುಪ್ಪಿಯ ಹದಿನಾರು ಮಂದಿ ಜೊತೆಗಿದ್ದರು. ಏಕೆಂದು ಕೇಳಿದರೆ "ಕೂಸಿಗೆ ಧೈರ್ಯಾ" ಎಂದರು. ನಿಜ ಏನೆಂದರೆ ಯಂತ್ರ ಪರೀಕ್ಷೆ ಬರೆಯುವುದನ್ನು ಕಿಟಕಿಯಿಂದಾದರೂ ನೋಡಬೇಕು ಎಂಬ ಆಸೆ. ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಕಾಕಾ ಕರದಂಟಿನ ಒಂದು ಡಬ್ಬಿಯನ್ನೂ ಕೊಂಡ. "ಮ್ಯಾಲಿನವ್ರನ್ನ ಕಾಣಾಕ ಹೋಗೂಮುಂದ ಖಾಲಿ ಕೈಲೆ ಹೋಗಬಾರದು."

ಯಂತ್ರ ಆಯಿಯ ಮಡಿಲಲ್ಲಿತ್ತು. ಹಿಂದಿನ ದಿನ ಅದನ್ನು ಬೀರದೇವರ ಗುಡಿಗೆ ಒಯ್ದು, ದೇವರ ಮುಂದಿಟ್ಟು, ಮೇಲೆ ಎರಡು ಮುಷ್ಟಿ ಭಂಡಾರ ಹಾರಿಸಿದ್ದಳು. ಅಚ್ಚ ಅರಿಷಿಣದ ಪುಡಿ. ಆಮೇಲೆ ಕರೀ ಕಂಬಳಿಯ ತುಂಡಿನಲ್ಲಿ ಸುತ್ತಿ, ಉಣ್ಣೆಯ ದಾರದಿಂದ ಏಳು ಗಂಟು ಹಾಕಿದ್ದಳು. ಹರಕೆಯ ಗಂಟು, ಪರೀಕ್ಷೆಯ ಕೋಣೆಯ ಬಾಗಿಲಲ್ಲೇ ಬಿಚ್ಚಬೇಕು.

ಬಸ್ಸು ಗೋಕಾಕ ಫಾಲ್ಸ್ ದಾಟಿದ ಮೇಲೆ ಕಾಕಾ ಕಿಸೆಯಿಂದ ಒಂದು ಕಾಗದದ ಮುದ್ದೆ ತೆಗೆದ. ಗೋಡೆಯ ಹಾಳೆ. ಪ್ರವೇಶದ ಬಾಗಿಲಲ್ಲಿ ತೋರಿಸಬೇಕೆಂದು ಬೆಳಿಗ್ಗೆ ಕೆರೆದು ತೆಗೆದಿದ್ದನಂತೆ. ಸುಣ್ಣದ ಚಕ್ಕೆ ಸಮೇತ ಬಂದಿತ್ತು. ನಾನು ಸುಮ್ಮನೆ ಕೈಗೆ ತೆಗೆದುಕೊಂಡು ಹಿಂದೆ ತಿರುಗಿಸಿದೆ.

ಹಿಂಬದಿಯಲ್ಲಿ ಅಕ್ಷರಗಳಿದ್ದವು. ಗಂಜಿ, ಸುಣ್ಣ ತಿಂದು ಬಿಟ್ಟದ್ದರಲ್ಲಿ ಓದಲು ಸಿಕ್ಕಿದ್ದು ಇಷ್ಟು: "ಕ್ಯಾಲ್ಕ್ಯುಲೇಟರಿನ ಮೆಮೊರಿ ಪೂರ್ತಿ ಖಾಲಿ... ಯಾವುದೇ ಪ್ರೋಗ್ರಾಮ್ ಕಂಡುಬಂದಲ್ಲಿ... ಅಭ್ಯರ್ಥಿಯನ್ನು ಅನರ್ಹ..."

ಹೆಸರು ಮಾತ್ರ ಇರುವುದು ಪ್ರೋಗ್ರಾಮ್ ಆಗುತ್ತದೆಯೇ? ಮಗುವೇ ಹುಟ್ಟದೆ ತೊಟ್ಟಿಲಿಗೆ ಹೆಸರಿಟ್ಟರೆ ಜನಗಣತಿಯವರು ಬರೆದುಕೊಳ್ಳುತ್ತಾರೆಯೇ? ಈ ಕಡೆ ಆಯಿಯ ಏಳು ಗಂಟು, ಆ ಕಡೆ ಕಾಕಾ ಎದ್ದು ನಿಂತು ಕಂಡಕ್ಟರ್ ಹುಡುಗನಿಗೆ ಟಿಕೀಟು ಹೇಗೆ ಹರಿಯಬೇಕೆಂದು ತೋರಿಸುತ್ತಿದ್ದಾನೆ.

"ಆಯಿ," ಎಂದೆ, "ಒಂದು ಸಲ ಗಂಟು ಬಿಚ್ಚಲೇನು? ಅಳಿಸೂದೈತಿ."

"ಏನ ಅಳಸತೀ?"

"ಪ್ರೋಗ್ರಾಮ್."

ಆಯಿ ಕಂಬಳಿಯನ್ನು ಎದೆಗೆ ಅವುಚಿಕೊಂಡಳು. "ಮೂರು ವಾರ ಹಗಲೆಲ್ಲಾ ತುಂಬೀ. ಈಗ ಅಳಸತೀನಿ ಅಂತೀ. ಹೆದರಿಕಿ ಯವ್ವಾ ನಿನಗ. ನಮ್ಮ ಸೊಸಿಗೂ ಹಡಿಯೂ ದಿನಾ ಹಿಂಗ ಆಗಿತ್ತು. ಕಣ್ಣು ಮುಚ್ಚಿ ಕೂಡು."

ನಾನು ಕಣ್ಣು ಮುಚ್ಚಿ ಕೂತೆ. ಹುಕ್ಕೇರಿ ಬಂತು.

ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಒಂದು ಮೇಜು. ಮೇಜಿನ ಹಿಂದೆ ಪ್ರತಿಷ್ಠಾನದ ಕಡೆಯಿಂದ ಬಂದ ಸುವರ್ಣಾ ಮೇಡಂ. ಕತ್ತಿಗೆ ಗುರುತಿನ ಚೀಟಿ, ಮೂಗಿನ ತುದಿಯಲ್ಲಿ ಕನ್ನಡಕ. ನಮ್ಮ ಮುಂದಿದ್ದ ಮಕ್ಕಳ ಕ್ಯಾಲ್ಕ್ಯುಲೇಟರುಗಳನ್ನು ಒಂದು ನೋಟ, ಒಂದು ಗುಂಡಿಯಲ್ಲಿ ಪರೀಕ್ಷಿಸಿ ಒಳಗೆ ಬಿಡುತ್ತಿದ್ದರು. ಆಮ್ರಪಾಲಿಯ ಸರದಿ ಬಂತು. ಪರೀಕ್ಷೆ ಶುರುವಾಗುವ ಹತ್ತು ಗಂಟೆಗೆ ಇನ್ನು ಇಪ್ಪತ್ತು ನಿಮಿಷ ಇತ್ತು.

ಆಯಿ ಕಂಬಳಿಯ ಗಂಟನ್ನು ಮೇಜಿನ ಮೇಲಿಟ್ಟಳು. ಮೇಡಂ ಹಿಂದೆ ಸರಿದರು.

"ಇದೇನ್ರೀ?"

"ಏಳು ಗಂಟೈತ್ರಿ ಬಾಯಾರ. ನೀವ ಬಿಚ್ಚಬೇಕು."

ಏಳು ಗಂಟು ಬಿಚ್ಚಲು ಮೇಡಂಗೆ ನಾಲ್ಕು ನಿಮಿಷ ಹಿಡಿಯಿತು. ಕೊನೆಯ ಗಂಟು ಬಿಚ್ಚಿದ ಕೂಡಲೇ ಕಂಬಳಿ ಒಳಗಿನಿಂದ ಒದರಿಕೊಂಡಂತೆ ತೆರೆದು ಭಂಡಾರ ಮೇಲೆದ್ದಿತು. ಮೇಡಂ ಮೂರು ಸಲ ಸೀನಿದರು. ಮೇಜು, ಹಾಜರಿ ಪಟ್ಟಿ, ಮೇಡಂ ಕನ್ನಡಕ, ಆಮ್ರಪಾಲಿಯ ಮುಖ ಎಲ್ಲವೂ ಹಳದಿ. ಹದಿನಾರು ಮಂದಿ ಒಕ್ಕೊರಲಿನಿಂದ ದೇವರ ಹೆಸರು ಕೂಗಿದರು.

ಮೇಡಂ ಯಂತ್ರ ಎತ್ತಿ ಸೆರಗಿನಿಂದ ಪರದೆ ಒರೆಸಿ ಗುಂಡಿ ಒತ್ತಿದರು. ಹೆಸರುಗಳ ಸಾಲು ಕಂಡಿತು.

ಇಲ್ಲಿ ಕಂಡಕ್ಟರನ ಧರ್ಮದ ಬಗ್ಗೆ ಒಂದು ಮಾತು ಹೇಳಬೇಕು. ದಾರಿಯಲ್ಲಿ ತಪಾಸಣೆಯವರು ಬಸ್ಸು ನಿಲ್ಲಿಸಿ ಹತ್ತಿದರೆ, ಒಳ್ಳೆಯ ಕಂಡಕ್ಟರ್ ಅವರು ಕೇಳುವ ಮೊದಲೇ ಎಲ್ಲವನ್ನೂ ತಾನೇ ಒಪ್ಪಿಸುತ್ತಾನೆ. ಬಚ್ಚಿಟ್ಟವನು ಸಿಕ್ಕಿಬೀಳುತ್ತಾನೆ, ಎಣಿಸಿ ಕೊಟ್ಟವನು ಎದೆ ಎತ್ತಿ ಇಳಿಯುತ್ತಾನೆ. ಮೂವತ್ತು ವರ್ಷ ಒಂದು ಸಲವೂ ಸಿಕ್ಕಿಬೀಳದ ಸಿದ್ರಾಯ ಕಾಕಾ ಎದೆ ಎತ್ತಿ ಮುಂದೆ ಬಂದ.

"ಹನ್ನೊಂದು ಅದಾವ್ರಿ ಮೇಡಂ. ಎಣಿಸಿ ನೋಡ್ರಿ. ಒಂದು ಹೆಚ್ಚಿಲ್ಲ, ಒಂದು ಕಡಿಮಿ ಇಲ್ಲ."

"ಹನ್ನೊಂದು ಏನು?"

"ಪ್ರೋಗ್ರಾಮ್! ನಮ್ಮ ಅಣ್ಣನ ಮಗಳು ಬರದಾಳು. ಯಾವ ಪ್ರಶ್ನೆ ಬಂದ್ರೂ ಉತ್ತರ ಒಳಗೈತ್ರಿ."

ಮೇಡಂ ಕನ್ನಡಕ ತೆಗೆದರು. "ಯಾವ ಪ್ರಶ್ನೆ ಬಂದ್ರೂ?"

"ಇವತ್ತಿಂದೂ ಐತಿ, ನಾಳೆದೂ ಐತಿ," ಎಂದರು ಮುತ್ತಪ್ಪ, ತಮ್ಮ ಪಾಲು ಬಿಡದೆ. "ಮಳಿ ಹೇಳಿತ್ರಿ ಇದು, ಮಳಿ! ನಾಕು ದಿನಾ ಮೊದಲ! ಹೋಗಿ ಹೋಗಿ ನಿಮ್ಮ ಪ್ರಶ್ನೆಪತ್ರಿಕೆ ಇದಕ್ಕ ಗೊತ್ತಿರೂದಿಲ್ಲೇನ್ರೀ?"

ಮೇಡಂ ಮುಖದ ಮೇಲಿನ ಹಳದಿಯ ಕೆಳಗೆ ಬಣ್ಣ ಬದಲಾಯಿತು. "ಅಣ್ಣಪ್ಪ ಸರ್! ಲಗೂ ಬರ್ರಿ ಇಲ್ಲೆ! ಪೇಪರ್ ಬಯಲಾಗೇತಿ ಅಂತ ಕಾಣಸತೈತಿ!"

ಕೇಂದ್ರದ ಮುಖ್ಯಸ್ಥರು ಅಣ್ಣಪ್ಪ ಸರ್. ಕೈಯಲ್ಲಿ ಸೀಲು ಹಾಕಿದ ಪ್ರಶ್ನೆಪತ್ರಿಕೆಗಳ ಕಟ್ಟು ಹಿಡಿದೇ ಓಡಿ ಬಂದರು. ಸೀಲನ್ನು ಮೂರು ಸಲ ತಿರುಗಿಸಿ ನೋಡಿದರು. ಯಂತ್ರ ನೋಡಿದರು. ಒಂದು ಹೆಸರಿನ ಮೇಲೆ ಒತ್ತಿ ತೆರೆದರು. ಒಳಗೆ ಎರಡು ಚುಕ್ಕೆ ಬಿಟ್ಟರೆ ಏನೂ ಇಲ್ಲ. ಇನ್ನೊಂದನ್ನು ತೆರೆದರು. ಎರಡು ಚುಕ್ಕೆ.

"ಖಾಲಿ ಅದಾವಲ್ರೀ?"

"ಹಂಗ ಕಾಣೂದಿಲ್ರೀ ಸಾಹೇಬ್ರ!" ಎಂದ ಕಾಕಾ, ನನ್ನ ಕೌಶಲ್ಯ ಅರಿಯದವರ ಮೇಲಿನ ಕರುಣೆಯ ನಗು ನಕ್ಕು. "ಎಲ್ಲಾರಿಗೂ ಕಂಡ್ರ ಅದರಾಗ ಏನೈತಿ? ಗುಪ್ತ ಇಟ್ಟಾಳು. ಗಂಡಿನ ಕಡೆಯವ್ರಿಗೆ ಕಳಸೂ ಕಾಗದದಾಗ ಬರದೈತಿ, ಪರಿಣತಿ ಅಂತ! ತಗೋರಿ, ಮೊದಲ ಬಾಯಿ ಸೀ ಮಾಡಿಕೊಳ್ರಿ." ಕರದಂಟಿನ ಡಬ್ಬಿಯನ್ನು ಪ್ರಶ್ನೆಪತ್ರಿಕೆಯ ಕಟ್ಟಿನ ಮೇಲೆಯೇ ಇಟ್ಟ.

"ಲಂಚಾನೂ!" ಎಂದರು ಮೇಡಂ.

ಅಲ್ಲಿಂದ ಮುಂದೆ ಎಲ್ಲರೂ ಸಹಾಯ ಮಾಡತೊಡಗಿದರು. ಒಬ್ಬರು ಯಂತ್ರ ಹನ್ನೊಂದಲ್ಲ, ಬೇಕಾದರೆ ನೂರು ನುಂಗುತ್ತದೆ ಎಂದರು. ಇನ್ನೊಬ್ಬರು ಈ ಹುಡುಗಿಗೆ ಓದುವ ಅಗತ್ಯವೇ ಬರಲಿಲ್ಲ ಎಂದರು. ಆಯಿ ಬೀರದೇವರ ಮೇಲೆ ಆಣೆ ಇಟ್ಟು, ಉತ್ತರಗಳೆಲ್ಲ ನಿನ್ನೆಯೇ ದೇವರ ಮುಂದೆ ತುಂಬಿ ಆಗಿವೆ ಎಂದಳು. ಆಮ್ರಪಾಲಿಯನ್ನು ಎತ್ತಿ ಹಿಡಿಯಲು ಅವರು ಹೇಳಿದ ಒಂದೊಂದು ಮಾತೂ ಅವಳನ್ನು ಒಂದೊಂದು ಮೆಟ್ಟಿಲು ಕೆಳಗಿಳಿಸುತ್ತಿತ್ತು. ಅವಳು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಹಳದಿ ಮುಖದಲ್ಲಿ ಎರಡು ಕಣ್ಣು ಬಾಗಿಲಾಚೆಯ ಗೋಡೆ ಗಡಿಯಾರಕ್ಕೆ ನೆಟ್ಟಿದ್ದವು. ಹತ್ತಕ್ಕೆ ಎಂಟು ನಿಮಿಷ.

"ನನಗ ಮಿಷನ್ ಬ್ಯಾಡ್ರೀ," ಎಂದಳು ಮೆಲ್ಲಗೆ. "ಹಂಗ ಬರೀತೀನ್ರಿ."

"ಅದು ಈಗ ಬಗೆಹರಿಯೂ ಮಾತಲ್ಲವ್ವಾ," ಎಂದರು ಅಣ್ಣಪ್ಪ ಸರ್. ಕೆಟ್ಟ ಮನುಷ್ಯರಲ್ಲ, ಹಣೆ ಬೆವರುತ್ತಿತ್ತು. "ಪೇಪರ್ ಬಯಲಾಗೇತಿ ಅಂತ ಬಾಗಲಾಗ ನಿಂತು ಇಪ್ಪತ್ತು ಮಂದಿ ಹೇಳಾಕತ್ತಾರ. ಒಳಗ ಏನೈತಿ ಅಂತ ಬರದವರ ಬಾಯಿಲೆ ಕೇಳಬೇಕು. ಖರೇನ ಏನೂ ಇಲ್ಲಂದ್ರ, ನಾ ಇಲ್ಲೇ ಅಳಿಸಿ, ಹುಡುಗಿನ್ನ ಒಳಗ ಕಳಸತೀನಿ. ಏನರ ಐತಿ ಅಂದ್ರ ಮ್ಯಾಲ ವರದಿ, ಈಕಿ ಮನಿಗೆ. ಯಾರು ಬರದವ್ರು?"

ಎಲ್ಲರ ಬೆರಳೂ ನನ್ನ ಕಡೆ ತಿರುಗಿದವು. ಅಷ್ಟು ಬೆರಳು ನನ್ನ ಕಡೆ ತಿರುಗಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ನಾನು ಯಾರಿಗೂ ಕಾಣದಿರಲೆಂದು ಮುತ್ತಪ್ಪನವರ ತಲೆಯ ಪಟಕದ ಮರೆಯಲ್ಲಿ ನಿಂತಿದ್ದೆ. ಅವರು ಪಕ್ಕಕ್ಕೆ ಸರಿದು ದಾರಿ ಮಾಡಿಕೊಟ್ಟರು.

"ನೀವೇನ್ರೀ? ಖಾಲಿ ಅದಾವೇನು ಇವು?"

ನಾನು ಹೌದೆಂದು ತಲೆ ಆಡಿಸಿದೆ.

"ಹೆಂಗ ನಂಬೂದು ಸರ್?" ಎಂದರು ಸುವರ್ಣಾ ಮೇಡಂ. "ಇಷ್ಟು ಪರಿಣತಿ ಇದ್ದಾಕಿ ಬರೇ ಹೆಸರು ಇಟ್ಟು ಸುಮ್ಮನ ಕೂಡತಾಳೇನು? ಬರೂವಂಥವ್ರು ಖಾಲಿ ಬಿಡೂದಿಲ್ಲ. ಏನೂ ಬಾರದವ್ರಷ್ಟ ಖಾಲಿ ಬಿಡತಾರ."

ಹತ್ತಕ್ಕೆ ಐದು ನಿಮಿಷ. ಒಳಗೆ ಮಕ್ಕಳು ಕುರ್ಚಿ ಎಳೆದುಕೊಳ್ಳುವ ಸದ್ದು ಕೇಳಿಸಿತು. ಆಮ್ರಪಾಲಿ ಮೊದಲ ಸಲ ಗಡಿಯಾರ ಬಿಟ್ಟು ನನ್ನ ಕಡೆ ನೋಡಿದಳು. ಕಲ್ಲು ಎಲ್ಲಿ ಬೀಳುತ್ತದೆಂದು ನೋಡುವಾಗ ಮಾಡುತ್ತಿದ್ದಂತೆ ತಲೆ ಸ್ವಲ್ಪ ಓರೆ ಮಾಡಿ.

"ನನಗ ಬರೂದಿಲ್ರೀ," ಎಂದೆ.

"ಜೋರಲೆ ಹೇಳವ್ವಾ," ಎಂದ ಕಾಕಾ, ಹೆಮ್ಮೆಯಿಂದಲೇ, ಹದಿನಾರು ಮಂದಿಯ ಕಡೆ ಕೈ ಚಾಚಿ. "ಹಿಂದಿನವ್ರಿಗೆ ಕೇಳವಲ್ದು."

ಜೋರಾಗಿ ಹೇಳಿದೆ.

"ಈ ಮಿಷನ್ ನಡಸಾಕ ನನಗ ಬರೂದಿಲ್ರೀ. ಹೆಸರಷ್ಟ ಇ‌ಟ್ಟೇನಿ, ಒಳಗ ಏನ್ ಬರೀಬೇಕಂತ ಗೊತ್ತಿಲ್ಲ. ಆಕಿಗೆ ನಾ ಏನೂ ಕಲಸಿಲ್ರೀ ಸರ್, ಮೂರು ವಾರ ಆಕೀನ ನನಗ ಕಲಸ್ಯಾಳು."